ಬದನೆಕಾಯಿ ಬಣ್ಣದ ಆಯೇರಿ

ವಿದ್ಯಾವತಿಗೆ ಉಡಲು ಒಂದು ಒಳ್ಳೆಯ ಸೀರೆ ಇರಲಿಲ್ಲ.

ಮನೆಯಲ್ಲಿ ಸೀರೆಗೆ ಬರ ಬಂದಿತ್ತು ಅಂತಲ್ಲ. ಅತ್ತೆ ಮುರಿಗೆವ್ವ ಮಲಗುವ ಮಂಚದ ಕೆಳಗೆ ಕಬ್ಬಿಣದ ಟ್ರಂಕೊಂದಿತ್ತು, ಅದರ ತುಂಬ ಸೀರೆಗಳೇ. ಆದರೆ ಅವು ಉಡುವ ಸೀರೆಗಳಲ್ಲ, ಆಯೇರಿ ಸೀರೆಗಳು. ಮದುವೆ, ಬಸುರಿಯ ಕುಬಸ, ತೊಟ್ಟಿಲು ಅಂತ ನೆಂಟರು ಉಡುಗೊರೆ ಕೊಟ್ಟದ್ದು. ಮುಂದೆ ಇನ್ನೊಬ್ಬ ನೆಂಟರ ಮದುವೆ, ಕುಬಸ, ತೊಟ್ಟಿಲಿಗೆ ದಾಟಿಸಬೇಕಾದದ್ದು. ವಿಜಯಪುರ ಸೀಮೆಯಲ್ಲಿ ಆಯೇರಿ ಸೀರೆಯ ಬಾಳು ಹೀಗೆಯೇ. ಅಂಗಡಿಯಿಂದ ಹೊರಟ ಮೇಲೆ ಕವರು ಬಿಚ್ಚದೆ ಊರೂರಿನ ಟ್ರಂಕು ಸುತ್ತುತ್ತದೆ, ಕೊನೆಗೊಂದು ದಿನ ಯಾರ ಮೈಯನ್ನೂ ಕಾಣದೆ ಮಡಿಕೆಯಲ್ಲೇ ಹರಿದು ಸಾಯುತ್ತದೆ.

ಟ್ರಂಕಿಗೆ ಕೀಲಿ ಇರಲಿಲ್ಲ. ಮೇಲೆ ತಾನೇ ಮಲಗುವಾಗ ಕೀಲಿಗೆ ಯಾಕೆ ದುಡ್ಡು ಎಂಬುದು ಮುರಿಗೆವ್ವನ ವಾದ.

ಗೋಳಗುಮ್ಮಟದ ಹಿಂದಿನ ಓಣಿಯ ಆ ಮನೆಯಲ್ಲಿ ಮುರಿಗೆವ್ವನ ವಾದಕ್ಕೆ ಎದುರು ವಾದ ಇರಲಿಲ್ಲ. ಹಾಲಿನ ಪಾಕೀಟು ಕತ್ತರಿಸಿ, ಒಳಗೆ ನೀರಾಡಿಸಿ, ಆ ನೀರನ್ನು ಚಹಾಕ್ಕೆ ಸುರಿಯುವುದು ಅವಳ ಬೆಳಗಿನ ಮೊದಲ ಕೆಲಸ. ಒಮ್ಮೆ ಕುದಿಸಿದ ಚಹಾಪುಡಿಯನ್ನು ಇನ್ನೊಮ್ಮೆ ಕುದಿಸಿ ಗಂಡ ಗುರಲಿಂಗಪ್ಪನಿಗೆ ಕೊಡುತ್ತಿದ್ದಳು, ಉಳಿದ ಚರಟ ಗುಲಾಬಿ ಗಿಡಕ್ಕೆ. ಗುಲಾಬಿ ಗಿಡ ಗುರಲಿಂಗಪ್ಪನಿಗಿಂತ ದಷ್ಟಪುಷ್ಟವಾಗಿತ್ತು. ಸವೆದ ಸಾಬೂನು ಹೊಸ ಸಾಬೂನಿನ ಬೆನ್ನೇರುತ್ತಿತ್ತು. ಟೂತ್‌ಪೇಸ್ಟಿನ ಹೊಟ್ಟೆಯನ್ನು ಕತ್ತರಿಯಿಂದ ಸೀಳಿದ ಮೇಲೂ ಅದು ಒಂದು ವಾರ ಬಾಳಬೇಕಿತ್ತು. ರಾತ್ರಿ ನೆನೆಹಾಕದ ಬೇಳೆ ಕುಕ್ಕರಿನ ಮುಖ ನೋಡುವಂತಿರಲಿಲ್ಲ. ಒಂದೊಂದು ಸೀಟಿಯೂ ಗ್ಯಾಸಿನ ಟಾಕಿಯಿಂದಲೇ ಬರುತ್ತದಲ್ಲ. ಮುರಿಗೆವ್ವನಿಗೆ ಕನ್ನಡಕವೂ ಇತ್ತು. ಕಾಯಿಪಲ್ಲೆಯವನ ತಕ್ಕಡಿ ನೋಡುವಾಗ ಮಾತ್ರ ಅದು ಡಬ್ಬಿಯಿಂದ ಹೊರಗೆ ಬರುತ್ತಿತ್ತು. ದಿನಾ ಹಾಕಿಕೊಂಡರೆ ಗಾಜು ಸವೆಯುತ್ತದೆಂದು ಅವಳ ನಂಬಿಕೆ.

ಇದನ್ನೆಲ್ಲ ಕಂಡು ಸೆರಗಿನ ಮರೆಯಲ್ಲಿ ನಗುವ ಸೊಸೆಯಲ್ಲ ವಿದ್ಯಾವತಿ. ಬಂದ ಹೊಸತರಲ್ಲಿ ನಕ್ಕಿದ್ದಳು, ಆಮೇಲೆ ಪಳಗಿದಳು. ಬಟ್ಟೆಯನ್ನು ಒದ್ದೆ ಕೈಯಲ್ಲಿ ಸವರಿ, ಮಡಚಿ, ಗಾದಿಯ ಕೆಳಗಿಟ್ಟು ಮಲಗಿದರೆ ಬೆಳಗಾಗುವಷ್ಟರಲ್ಲಿ ಇಸ್ತ್ರಿಯಾಗಿರುತ್ತದೆ ಎಂಬುದನ್ನು ಅತ್ತೆಗೆ ಕಲಿಸಿದವಳೇ ಅವಳು. ಗಂಡ ಸಂಗು ಎರಡು ದಿನ ಗೆರೆ ಬಿದ್ದ ಬೆನ್ನು ತೋರಿಸಿ ತಕರಾರು ಮಾಡಿದ, ಆಮೇಲೆ ಅಂಗಿಯ ಗುಂಡಿಯ ಮೇಲೆ ಮಲಗುವುದನ್ನೂ ಕಲಿತ. ಅವನದು ಗುಮ್ಮಟ ನೋಡಲು ಬರುವವರಿಗೆ ಟೊಪ್ಪಿಗೆ, ತಣ್ಣೀರು ಮಾರುವ ಸಣ್ಣ ಅಂಗಡಿ. ಹೆಂಡತಿಗೆ ಸೀರೆ ತರುವ ಮಾತು ಆ ಅಂಗಡಿಯಲ್ಲಿ ಎದ್ದಿರಲಿಲ್ಲ.

ಹಾಗಾಗಿ ಸೀರೆಯನ್ನು ವಿದ್ಯಾವತಿಯೇ ಕೊಂಡಳು. ಒಂದು ವರ್ಷ ಓಣಿಯ ಹುಡುಗರಿಗೆ ಮಗ್ಗಿ ಹೇಳಿಕೊಟ್ಟ ದುಡ್ಡದು. ಬದನೆಕಾಯಿ ಬಣ್ಣದ ಒಡಲು, ಅಗಲ ದಡಿ, ಕೆಂಪು ಬಿಳಿ ತೆನೆಯ ಸೆರಗು. ಅಪ್ಪಟ ಇಳಕಲ್. ಫಾಲ್ ಹಚ್ಚಲು ಅದೇ ಬಣ್ಣದ ದಾರದ ಉಂಡೆ ತರಬೇಕಿತ್ತು. ಮನೆಯಲ್ಲಿ ಕೆಂಪು ದಾರ ಉಳಿದಿದ್ದರಿಂದ ಅದರಲ್ಲೇ ಹಚ್ಚಿದಳು. ಒಳಮಗ್ಗಲು ಯಾರು ನೋಡುತ್ತಾರೆ? ತಂಗಿ ವಿಜಯಲಕ್ಷ್ಮಿಯ ನಿಶ್ಚಯಕ್ಕೆ ಮೊದಲ ಸಲ ಉಡಬೇಕೆಂದು ತೆಗೆದಿಟ್ಟಳು.

ಎಲ್ಲಿ ತೆಗೆದಿಡುವುದು ಎಂಬಲ್ಲಿ ಎಡವಿದಳು. ಮನೆಗೆ ತರುತ್ತಿದ್ದುದು ಒಂದೇ ಪಾಕೀಟು ಡಾಂಬರು ಗುಳಿಗೆ. ಅದನ್ನು ಕಪಾಟಿಗಷ್ಟು, ಟ್ರಂಕಿಗಷ್ಟು ಹಂಚಿದರೆ ಎರಡೂ ಕಡೆ ನುಸಿ ಬೀಳುತ್ತದೆಂದು ಎಲ್ಲವನ್ನೂ ಟ್ರಂಕಿಗೇ ಹಾಕುವುದು ವಾಡಿಕೆ. ಕಪಾಟಿನಲ್ಲಿಟ್ಟರೆ ಹೊಸ ಸೀರೆಗೆ ಬೇರೆ ಪಾಕೀಟು ಬೇಕು. ಒಂದು ಸೀರೆಗಾಗಿ ಒಂದು ಪಾಕೀಟೇ? ವಿದ್ಯಾವತಿ ಸೀರೆಯನ್ನು ಅಂಗಡಿಯ ಕವರಿನಲ್ಲೇ ಮತ್ತೆ ಮಡಚಿ, ಅತ್ತೆ ಸಂತೆಗೆ ಹೋದಾಗ, ಆಯೇರಿ ಸೀರೆಗಳ ನಡುವೆ ಸೇರಿಸಿಬಿಟ್ಟಳು. ಅಲ್ಲಿ ಯಾರೂ ಕವರು ಬಿಚ್ಚುವುದಿಲ್ಲ ಎಂಬ ಧೈರ್ಯ. ಬಿಚ್ಚದೆಯೇ ಕೊಟ್ಟುಬಿಡುತ್ತಾರೆ ಎಂಬುದು ಹೊಳೆಯಲಿಲ್ಲ.

ನಿಶ್ಚಯ ರವಿವಾರ, ತವರೂರು ಇಟ್ಟಂಗಿಹಾಳದಲ್ಲಿ. ಗುರುವಾರ ಮಧ್ಯಾಹ್ನ ವಿದ್ಯಾವತಿ ಟ್ರಂಕು ಎಳೆದಳು. ಒಂದೊಂದೇ ಸೀರೆ ತೆಗೆದು ತಳ ಕಂಡಳು. ಡಾಂಬರು ಗುಳಿಗೆಗಳು ಉರುಳಾಡಿದವು.

“ಅತ್ತಿ, ಇದರಾಗ ನನ್ನ ಸೀರಿ ಇತ್ತಲ್ರಿ?”

ಮುರಿಗೆವ್ವ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದಳು. “ಆಯೇರಿ ಟ್ರಂಕಿನಾಗ ನಿನ್ನ ಸೀರಿ ಯಾಕಿರತೈತಿ?”

“ನಾನ ಇಟ್ಟಿದ್ನಿರಿ. ಬದನಿಕಾಯಿ ಬಣ್ಣದ್ದು, ಇಳಕಲ್ದು.”

ಸುಲಿಯುವ ಕೈ ನಿಂತಿತು. “ಅದು ನೀಲಿ ಅಲ್ಲೇನು?”

“ನೀಲಿ ಅಲ್ರಿ! ಎಲ್ಲೈತ್ರಿ ಅದು?”

“ನನಗ ನೀಲಿ ಕಂಡಿತ್ತವಾ. ಹೋದ ವಾರ ಬಬಲೇಶ್ವರದ ನೀಲವ್ವನ ಮಗನ ಮದಿವಿಗಿ ಹೋಗಿದ್ನೆಲ್ಲಾ, ಆಯೇರಿ ಮಾಡಿ ಬಂದ್ನಿ. ಇಂಥಾ ಚಲೋ ಸೀರಿ ಯಾರು ಕೊಟ್ಟಿದ್ರಪಾ ನಮಗ ಅಂತ ನಾನೂ ವಿಚಾರ ಮಾಡಿದ್ನಿ.”

“ಕನ್ನಡಕರೆ ಹಾಕ್ಕೋಬೇಕಿಲ್ರಿ!”

“ಸೀರಿ ಏನು ತೂಗಿ ಕೊಡ್ತಾರೇನ ಬೇ, ಕನ್ನಡಕ ಹಾಕ್ಕೊಂಡ ನೋಡಾಕ?”

ವಿದ್ಯಾವತಿ ತೆಗೆದ ಸೀರೆಗಳನ್ನು ಒಂದೊಂದೇ ಟ್ರಂಕಿಗೆ ತುಂಬಿದಳು. ಒಂದು ವರ್ಷದ ಮಗ್ಗಿ, ಒಂದು ದಿನವೂ ಉಡದೆ, ಬಬಲೇಶ್ವರ ಸೇರಿತ್ತು. ಊಟಕ್ಕೆ ಬಂದ ಸಂಗು ಹೆಂಡತಿಯ ಮುಖ ನೋಡಿ ಸಂಗತಿ ಕೇಳಿದ, ಎದೆಯುಬ್ಬಿಸಿದ.

“ನಾ ಹೋಗಿ ಕೇಳಿ ತಗೊಂಡ ಬರ್ತೀನಿ. ತಪ್ಪಿ ಬಂದೈತಿ ಅಂದ್ರ ಆತು.”

“ಕೊಟ್ಟ ಆಯೇರಿ ತಿರುಗಿ ಕೇಳ್ತಿಯೇನಲೇ?” ಮುರಿಗೆವ್ವ ಶೇಂಗಾ ಸಿಪ್ಪೆಯನ್ನೇ ಅವನತ್ತ ಎಸೆದಳು. “ನಾಳಿಗಿ ನಮ್ಮನಿಗಿ ಯಾರರೆ ಬರ್ತಾರೇನು? ಇದು ಹೆಂಗಸರ ಕೆಲಸ. ಮ್ಯಾಲ ನೀ ಬಂದ್ರ ಬಸ್ಸಿಗಿ ಟಿಕೆಟ್ ಆಗ್ತೈತಿ. ನಮಗಿಬ್ಬರಿಗೂ ಪುಕ್ಕಟ. ಮನ್ಯಾಗ ಕುಂದರು.”

ಸಂಗುವಿನ ಎದೆ ಇಳಿಯಿತು. ಅವನಿಗೂ ಟಿಕೆಟ್ಟಿನ ಮಾತು ಸರಿಯೆನಿಸಿತು.

ಅತ್ತೆಯ ಉಪಾಯ ಹೀಗಿತ್ತು. ಹೊಸ ಸೊಸೆಯನ್ನು ಮಾತನಾಡಿಸಲು ಬಂದೆವೆಂದು ನೀಲವ್ವನ ಮನೆಗೆ ಹೋಗುವುದು. ಸೊಸೆಗೊಂದು ಆಯೇರಿ ಸೀರೆ, ಕೈಯಲ್ಲಿ ಆರು ಬಾಳೆಹಣ್ಣು. ಮನೆಗೆ ಬಂದ ಮುತ್ತೈದೆಯರನ್ನು ಉಡಿ ತುಂಬದೆ ಕಳಿಸುವ ಪೈಕಿ ಅಲ್ಲ ನೀಲವ್ವ. ಅಕ್ಕಿ ಕಾಯಿಯ ಜೊತೆ ಉಡಿಗೆ ಸೀರೆ ಹಾಕಬೇಕಾದರೆ ಅವಳೂ ತನ್ನ ಟ್ರಂಕು ತೆಗೆಯಬೇಕು.

“ಮೊನ್ನೆ ಮೊನ್ನೆ ಬಂದ ಸೀರಿ ಮ್ಯಾಲ ಇರತಾವು,” ಎಂದಳು ಮುರಿಗೆವ್ವ. “ಕೈಗಿ ಬಂದದ್ದು ಕೊಡ್ತಾಳ. ನಿನ್ನ ಸೀರಿ ನಿನ್ನ ಉಡ್ಯಾಗ ಬೀಳತೈತಿ. ಕೇಳಿದಂಗೂ ಆಗಂಗಿಲ್ಲ, ಬಿಟ್ಟಂಗೂ ಆಗಂಗಿಲ್ಲ.”

ವಿದ್ಯಾವತಿಗೆ ನಂಬಿಕೆ ಅರ್ಧ ಬಂತು. ಇನ್ನರ್ಧಕ್ಕೆ ಬೇರೆ ದಾರಿ ಇರಲಿಲ್ಲ.

ಶುಕ್ರವಾರ ಬೆಳಗಿನ ಬಸ್ಸು ಹಿಡಿದರು. ಸಾರವಾಡ ಬಂದಾಗ ಮುರಿಗೆವ್ವ ಕಿಟಕಿಯಿಂದ ತವರಿನ ಕಡೆಗೆ ಕೈಮುಗಿದಳು. ಇಲ್ಲಿ ಇಳಿದಿದ್ದರೂ ಒಂದು ಉಡಿ ಆಗುತ್ತಿತ್ತಲ್ಲ ಎಂದು ಬಬಲೇಶ್ವರ ಬರುವವರೆಗೂ ಹಳಹಳಿಸಿದಳು.

ನೀಲವ್ವ ಬಾಗಿಲಿಗೇ ಬಂದು ಕರೆದಳು. ಖಟಕ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಇಟ್ಟಳು. ಡ್ರೆಸ್ ಹಾಕಿದ್ದ ಹೊಸ ಸೊಸೆ ಬಂದು ಕಾಲಿಗೆರಗಿ, ಸೀರೆ ತೆಗೆದುಕೊಂಡು ಒಳಗೆ ಹೋಗಿ, ಮತ್ತೆ ಹೊರಗೆ ಬರಲಿಲ್ಲ. ಅವಳು ಸೀರೆ ಒಯ್ದ ಕೋಣೆಯ ಕಡೆಗೇ ವಿದ್ಯಾವತಿಯ ಕಣ್ಣು. ರೊಟ್ಟಿ ಮುರಿದದ್ದು ಮುರಿದಂತೆ ತಟ್ಟೆಯಲ್ಲೇ ಉಳಿಯಿತು. ಮುರಿಗೆವ್ವನಿಗೆ ಅಂಥ ತೊಂದರೆ ಇರಲಿಲ್ಲ. ರಾತ್ರಿಯ ಊಟವನ್ನೂ ಅಲ್ಲೇ ಮುಗಿಸುವವಳಂತೆ ಉಂಡಳು.

“ಬರ್ತೇವಿನ್ನ,” ಎಂದು ಏಳುವಷ್ಟರಲ್ಲಿ ನೀಲವ್ವ ಅಂದುಕೊಂಡಂತೆಯೇ ಟ್ರಂಕು ಎಳೆದಳು. ಮುರಿಗೆವ್ವ ಸೊಸೆಯ ತೊಡೆ ಚಿವುಟಿದಳು. ಮುಚ್ಚಳ ತೆರೆಯಿತು. ನೀಲವ್ವ ಮೇಲಿನ ಸೀರೆಗಳನ್ನೆಲ್ಲ ಎರಡೂ ಕೈಯಿಂದ ಎತ್ತಿ ಪಕ್ಕಕ್ಕಿಟ್ಟು, ತಳಕ್ಕೆ ಕೈ ಹಾಕಿದಳು.

“ಅಯ್ಯ, ತಳದಾಗ ಯಾಕ ಹುಡುಕಾಕತ್ತಿ ನೀಲವ್ವ? ಸುಮ್ಮ ತ್ರಾಸು. ಮ್ಯಾಲಿಂದ ಒಂದು ತಗದ ಕೊಡು.”

“ಹಂಗ ಮಾಡಿದ್ರ ಮುಗೀತು ಬಿಡ ಅಕ್ಕಾ. ಹಳೇವು ಮೊದಲ ಹೋಗಬೇಕು. ಇಲ್ಲಾಂದ್ರ ತಳದಾಗಿನ್ವು ಹಂಗ ಪುಡಿ ಆಗ್ತಾವು. ಜ್ವಾಳದ ಚೀಲ ನಾವು ಹಂಗ ತಗೀತೇವಲ್ಲ, ಇದೂ ಹಂಗ.”

ಇಷ್ಟು ವರ್ಷ ಟ್ರಂಕು ಇಟ್ಟುಕೊಂಡೂ ತನಗೆ ಈ ಬುದ್ಧಿ ಹೊಳೆಯಲಿಲ್ಲವಲ್ಲ ಎಂಬ ಸಂಕಟ ಮುರಿಗೆವ್ವನ ಮುಖದಲ್ಲಿತ್ತು. ವಿದ್ಯಾವತಿಯ ಸಂಕಟ ಬೇರೆ. ಪಕ್ಕಕ್ಕಿಟ್ಟ ಸೀರೆಗಳನ್ನೆಲ್ಲ ಅವಳು ನೋಡಿ ಮುಗಿಸಿದ್ದಳು. ಗುಲಾಬಿ, ಹಳದಿ, ಮೆಂತ್ಯದ ಹಸಿರು. ಬದನೆಕಾಯಿ ಎಲ್ಲೂ ಇರಲಿಲ್ಲ.

ಅವಳ ಉಡಿಗೆ ಗಿಳಿಹಸಿರಿನ ಸೀರೆಯೊಂದು ಬಿತ್ತು. ಎಷ್ಟು ಹಳೆಯದೆಂದರೆ ಕವರಿನ ಮೇಲಿನ ಅಂಗಡಿಯ ಹೆಸರು ಅಳಿಸಿ, ಬರೀ ದೇವರ ಚಿತ್ರ ಉಳಿದಿತ್ತು. ಅತ್ತೆಗೆ ಕುಪ್ಪಸದ ಒಂದು ಖಣ.

ಮುರಿಗೆವ್ವ ಕುಂಕುಮ ಹಚ್ಚಿಸಿಕೊಳ್ಳುತ್ತಲೇ ಬಲೆ ಬೀಸಿದಳು. “ಮದಿವ್ಯಾಗ ನಾ ಕೊಟ್ಟ ಸೀರಿ ಸೊಸಿ ಉಟ್ಟಾಳೇನ?”

“ಆ ಬದನಿಕಾಯಿ ಬಣ್ಣದ್ದು? ಯವ್ವಾ ಯವ್ವಾ, ಆ ಸೀರಿ ನನ್ನ ಮಾನಾ ಕಾಯ್ತಕ್ಕಾ! ತಿಕೋಟಾದಾಗ ನಮ್ಮ ನಾದಿನಿ ಸಾವಂತ್ರೆವ್ವ ಇಲ್ಲೇನು, ಹೊಸಾ ಮನಿ ಕಟ್ಸ್ಯಾರ. ಸೋಮವಾರ ಮನಿ ಹೊಕ್ಕರು. ಅಕಿ ಕಣ್ಣಿಗಿ ಯಾವ ಸೀರಿನೂ ಹತ್ತಂಗಿಲ್ಲ. ನಿನ್ನ ಸೀರಿ ಒಯ್ದ ಕೊಟ್ನಿ, ತುಟಿ ಪಿಟ್ ಅನ್ನಲಿಲ್ಲ.”

“ಕೊಟ್ಟಬಿಟ್ರೆನ್ರಿ?” ವಿದ್ಯಾವತಿಯ ಬಾಯಿಂದ ಜಾರಿತು.

“ಮತ್ತ? ಅಷ್ಟ ಚಲೋ ಸೀರಿ ಮನ್ಯಾಗ ಇಟ್ಕೊಂಡ ಏನ ಮಾಡೂದವಾ?”

ಹೊರಗೆ ಬಂದ ಮೇಲೆ ವಿದ್ಯಾವತಿ ಮನೆಯ ಕಡೆಗಿನ ಬಸ್ಸು ನಿಲ್ಲುವಲ್ಲಿ ನಿಂತಳು. ಮುರಿಗೆವ್ವ ಅವಳ ರಟ್ಟೆ ಹಿಡಿದು ರಸ್ತೆಯ ಆಚೆ ದಾಟಿಸಿದಳು.

“ತಿಕೋಟಾಕ್ಕ ಹೋಗೂಣು.”

“ಅವರು ನಮಗ ಎಷ್ಟರ ಗುರ್ತರಿ ಅತ್ತಿ?”

“ಹೊಸಾ ಮನಿ ನೋಡಾಕ ಗುರ್ತ ಯಾಕ ಬೇಕು? ಹಸರ ಸೀರಿ ಕೈಯಾಗ ಐತಿ, ಅದನ್ನ ಆಯೇರಿ ಮಾಡೂದು. ಬಾಳಿಹಣ್ಣ ಆರು ತಗೊಂಡ್ರ ಆತು. ಸಾವಂತ್ರೆವ್ವ ಚಲೋದು ಬೇಕನ್ನಾಕಿ. ಅಂದ್ರ ಕೊಡಂಗಿಲ್ಲ ಅಕಿ, ಇಟ್ಕೋತಾಳ. ಇಟ್ಕೊಂಡಾಕಿ ಕೈಯಿಂದ ಬಿಡಿಸೂದು ನಾ ನೋಡ್ಕೋತೇನಿ.”

ಬಸ್ಸಿನಲ್ಲಿ ಕಂಡಕ್ಟರ್ ಆಧಾರ ಕಾರ್ಡು ನೋಡಿ ಎಲ್ಲಿಗೆಂದು ಕೇಳಿದ.

“ಬಸ್ಸ ಎಲ್ಲೀತನಾ ಹೋಗ್ತೈತಿ, ಅಲ್ಲೀತನಾ ಕೊಡಪಾ.”

“ಇಳಿಯೂದು ಎಲ್ಲಿ ಆಯಿ?”

“ತಿಕೋಟಾದಾಗ. ಪುಕ್ಕಟಿದ್ದಾಗ ಕಡಿಮಿ ಯಾಕ ತಗೋಬೇಕು?”

ಕಂಡಕ್ಟರ್ ತಿಕೋಟಾಕ್ಕೇ ಹರಿದು ಕೊಟ್ಟ. ಮುರಿಗೆವ್ವ ಮೋಸ ಹೋದವರಂತೆ ಆ ಚೀಟಿಯನ್ನು ದಾರಿಯುದ್ದಕ್ಕೂ ನೋಡಿದಳು. ರವಿವಾರ ತವರಿನಲ್ಲಿ ಬೀಗರ ಮುಂದೆ, ಬಣ್ಣ ಹೋದ ಮದುವೆ ಸೀರೆಯಲ್ಲಿ ಕಾಫಿ ತಟ್ಟೆ ಹಿಡಿದು ನಿಂತ ತನ್ನನ್ನೇ ವಿದ್ಯಾವತಿ ಕಿಟಕಿಯ ಹೊರಗೆ ನೋಡುತ್ತಿದ್ದಳು. ತಂಗಿ ಫೋನಿನಲ್ಲಿ ಎರಡು ಸಲ ಕೇಳಿದ್ದಳು, “ಅಕ್ಕಾ, ಇಳಕಲ್ ಸೀರಿ ಉಡ್ತಿ ಹೌದಿಲ್ಲೋ?” ಹೌದೆಂದಿದ್ದಳು.

ಸಾವಂತ್ರೆವ್ವನದು ದ್ರಾಕ್ಷಿ ಬೆಳೆಯುವ ಮನೆ. ಹೊಸ ಗೋಡೆಗೆ ಇನ್ನೂ ಸುಣ್ಣದ ವಾಸನೆ. ಆಕೆ ಇಬ್ಬರನ್ನೂ ಕೋಣೆ ಕೋಣೆ ಸುತ್ತಿಸಿ, ಪ್ರತಿ ಕೋಣೆಯಲ್ಲೂ ಏನೇನು ಉಳಿಸಿದೆನೆಂದು ವಿವರಿಸಿದಳು. ಕಿಟಕಿಗಳು ಹಳೆಯ ಮನೆಯವು. ಕಟ್ಟೆಯ ಹಾಸುಗಲ್ಲು ಗ್ರಾನೈಟಿನವರು ಬಿಸಾಕಿದ ತುಂಡು. ಚಹಾ ಕೊಟ್ಟಳು; ಅದರಲ್ಲಿ ಸಕ್ಕರೆ ಇರಲಿಲ್ಲ, ತಳದಲ್ಲಿ ಒಣದ್ರಾಕ್ಷಿ ಇದ್ದವು.

“ಪ್ಯಾಟಿಗಿ ಹೋಗದ ಒಡಕ ಮಣೂಕ ಇರತಾವಲ್ರಿ, ಅವನ್ನ ಕುದಿಸಿಬಿಡ್ತೇನಿ. ಸಕ್ರಿ ಯಾಕ ತರೂದು? ಕುಡದ ಮ್ಯಾಲ ತಿಂದಬಿಡ್ರಿ, ಕೆಡಸಬ್ಯಾಡ್ರಿ.”

ಮುರಿಗೆವ್ವ ತಳದ ದ್ರಾಕ್ಷಿಯನ್ನು ಬೆರಳಿಂದ ತೆಗೆದು ತಿನ್ನುತ್ತ, ತನ್ನ ಗುರುವನ್ನು ಕಂಡವಳಂತೆ ಆಕೆಯ ಮುಖ ನೋಡುತ್ತ ಕೂತಳು. ಬಂದ ಕೆಲಸ ಅವಳಿಗೆ ಮರೆತೇಹೋಗಿತ್ತು.

ಆಗ ಹಿತ್ತಲಿಂದ ಅವಳಿಜವಳಿ ಹುಡುಗಿಯರಿಬ್ಬರು ಕುಂಟಾಬಿಲ್ಲೆ ಆಡುತ್ತ ಪಡಸಾಲೆಗೆ ನುಗ್ಗಿದರು. ಇಬ್ಬರಿಗೂ ಉದ್ದ ಲಂಗ, ಒಂದೇ ಥರದ ಪರಕಾರ. ಬದನೆಕಾಯಿ ಬಣ್ಣ, ಅಗಲ ದಡಿ.

ವಿದ್ಯಾವತಿ ಚಹಾ ಕಪ್ಪನ್ನು ಕೆಳಗಿಟ್ಟಳು. ಹುಡುಗಿಯೊಬ್ಬಳು ಕುಂಟುತ್ತ ತಿರುಗಿದಾಗ ಪರಕಾರದ ಕೆಳಗಿನ ಅಂಚು ಮಗುಚಿತು. ಒಳಮಗ್ಗಲಲ್ಲಿ ಕೆಂಪು ದಾರ. ಫಾಲನ್ನೂ ಬಿಚ್ಚಿರಲಿಲ್ಲ.

“ಹೆಂಗ ಅದಾವ್ರಿ?” ಸಾವಂತ್ರೆವ್ವ ಮೊಮ್ಮಗಳ ಪರಕಾರ ಹಿಗ್ಗಿಸಿ ತೋರಿಸಿದಳು. “ಬಬಲೇಶ್ವರದ ವೈನಿ ಸೀರಿ ಮಾಡಿದ್ರು. ನಾ ಇನ್ನ ಉಟ್ಟು ಎಲ್ಲಿ ಹೋಗ್ಲಿ? ಟ್ರಂಕಿನಾಗ ಇಟ್ರ ಡಾಂಬರ ಗುಳಗಿ ಖರ್ಚು. ಹುಡುಗ್ಯಾರ ಅರಿವಿ ಕೊಳ್ಳಾಕ ಹೋದ್ರ ಅದೊಂದು ಖರ್ಚು. ಒಂದ ಸೀರ್ಯಾಗ ಎರಡ ಪರಕಾರ! ಫಾಲ್ ಹಚ್ಚಿನ ಬಂದಿತ್ತು, ಅಂಚ ಗಟ್ಟಿ ಆತು. ಯಾವ ಪುಣ್ಯಾತ್ಗಿತ್ತಿ ಹಚ್ಚಿದ್ದಳೋ, ಹೊಲಿಗಿ ಏನ್ ಚಂದ ಅಂತೀರಿ.”

“ಸೆರಗು?” ವಿದ್ಯಾವತಿ ಕೇಳಿದಳು.

“ಅಕಾ, ಅಲ್ಲಿ.” ಅಡುಗೆಮನೆಯ ಕಟ್ಟೆಯ ಮೇಲೆ ಹೊಸ ಮಿಕ್ಸರು ಕೆಂಪು ಬಿಳಿ ತೆನೆಯ ಸೆರಗು ಹೊದ್ದು ಕೂತಿತ್ತು. “ಧೂಳಿ ಬೀಳಬಾರದಂತ.”

“ಅದು ನನ್ನ...” ಎಂದಳು ವಿದ್ಯಾವತಿ.

ಮುರಿಗೆವ್ವನ ಮೊಣಕೈ ಅವಳ ಪಕ್ಕೆಗೆ ಬಡಿಯಿತು. “ನನ್ನ ಮಿಕ್ಸರಿಗೂ ಹಿಂಗ ಮಾಡ್ಬೇಕು ಅಂತಾಳ್ರಿ,” ಎಂದು ಮುರಿಗೆವ್ವ ಮಾತು ಹೊಲಿದಳು.

“ಮಾಡವಾ, ಮಾಡು. ಹಿಂಗ ನೋಡಿ ಕಲೀಬೇಕು,” ಎಂದಳು ಸಾವಂತ್ರೆವ್ವ.

ಏಳುವ ಹೊತ್ತಿಗೆ ಗಿಳಿಹಸಿರು ಸೀರೆ ಸಾವಂತ್ರೆವ್ವನ ಕೈ ಸೇರಿತು. ಆಕೆ ಕವರಿನ ಮೇಲಿನ ದೇವರಿಗೆ ಕೈಮುಗಿದು ಒಳಗಿಟ್ಟಳು. ಬರುವಾಗ ಅಕ್ಕಿ, ಕಾಯಿ, ಅರಿಷಿಣ ಕುಂಕುಮ ತಂದಳು. ಹುಡುಗಿಯರನ್ನು ನೋಡುತ್ತಲೇ ಇದ್ದ ವಿದ್ಯಾವತಿಯ ಉಡಿಗೆ ನಾಲ್ಕು ಮಡಿಕೆಯ ಒಂದು ಅರಿವೆ ಹಾಕಿದಳು.

“ನಿನ್ನ ಕಣ್ಣ ಅದರ ಮ್ಯಾಲ ಭಾಳ ಇತ್ತು, ನಾ ನೋಡೇನಿ. ಪರಕಾರ ಹೊಲದು ಒಂದು ಜಂಪರಿಗಿ ಆಗೂವಷ್ಟು ಉಳದೈತಿ. ಒಯ್ಯಿ. ನಮ್ಮನ್ನ ನೆನಸು.”

ವಿದ್ಯಾವತಿಯ ಸೀರೆ ಕೊನೆಗೂ ವಿದ್ಯಾವತಿಯ ಉಡಿಗೆ ಬಿತ್ತು. ಮೊಳದ ಲೆಕ್ಕದಲ್ಲಿ ಎರಡು ಮೊಳ ಇರಬಹುದು. ಅವಳಿಗೆ ಅಳು ಬಂದಿತ್ತು, ಬಾಯಿ ತೆರೆದಾಗ ನಗು ಹೊರಬಿತ್ತು. ನಿಲ್ಲಲೂ ಇಲ್ಲ. ಕೊಟ್ಟದ್ದು ಮನಸ್ಸಿಗೆ ಬಂದಿದೆ ಅಂದುಕೊಂಡು ಸಾವಂತ್ರೆವ್ವನೂ ನಕ್ಕಳು, ಹುಡುಗಿಯರೂ ನಕ್ಕರು. ಮುರಿಗೆವ್ವ ಮಾತ್ರ ಸೊಸೆಯ ಮುಖವನ್ನು, ಕನ್ನಡಕವಿಲ್ಲದೆಯೇ, ಸರಿಯಾಗಿ ನೋಡಿದಳು.

ತಿರುಗಿ ಬರುವ ಬಸ್ಸಿನಲ್ಲಿ ಅತ್ತೆ ಕ್ಷಮೆ ಕೇಳಲಿಲ್ಲ. ಕೇಳುವ ರೂಢಿ ಇರಲಿಲ್ಲ. “ಕಿಟಕಿ ಕಡೆ ಕುಂದರು, ಗಾಳಿ ಬರ್ತೈತಿ,” ಎಂದು ತಾನು ಹಿಡಿದಿಟ್ಟ ಜಾಗ ಬಿಟ್ಟುಕೊಟ್ಟಳು.

ಶನಿವಾರ ವಿದ್ಯಾವತಿ ಆ ತುಂಡನ್ನು ಪಕ್ಕದ ಮನೆಯ ಸುರೈಯಾಳ ಮಷೀನಿನಲ್ಲಿ ಹೊಲಿದಳು. “ಜಂಪರ್ ಅಷ್ಟ ಹೊಲ್ಯಾಕತ್ತಿ, ಸೀರಿ ಎಲ್ಲೈತಿ?” ಎಂದಳು ಸುರೈಯಾ.

“ತಿಕೋಟಾದಾಗ ಕುಂಟಾಬಿಲ್ಲಿ ಆಡಾಕತ್ತೈತಿ.”

ಸುರೈಯಾಳಿಗೆ ಎಲ್ಲವನ್ನೂ ಹೇಳಿದಳು. ಆಕೆ ನಕ್ಕು ನಕ್ಕು ಮಷೀನಿನ ಮೇಲೆಯೇ ಒರಗಿದಳು. ಆ ನಗುವಿನ ನಡುವೆ ವಿದ್ಯಾವತಿ ಜಂಪರಿಗೆ ಯಾವ ಬಣ್ಣದ ಸೀರೆ ಒಪ್ಪುತ್ತದೆಂದು ತೀರ್ಮಾನಿಸಿದಳು.

ರವಿವಾರ ಬೆಳಿಗ್ಗೆ ಮುರಿಗೆವ್ವ ಮಂಚದ ಮೇಲೆ ಕೂತು ತಲೆ ಬಾಚಿಕೊಳ್ಳುತ್ತಿದ್ದಾಗಲೇ ವಿದ್ಯಾವತಿ ಬಂದು ಬಗ್ಗಿ ಟ್ರಂಕು ಎಳೆದಳು. ಕೇಳಲಿಲ್ಲ. ಸಾಸಿವೆ ಬಣ್ಣದ ರೇಷ್ಮೆಯೊಂದನ್ನು ಹೊರಗೆ ತೆಗೆದಳು.

“ಅದು ಬ್ಯಾಡ,” ಮುರಿಗೆವ್ವನ ಬಾಚಣಿಗೆ ತಲೆಯಲ್ಲೇ ನಿಂತಿತು. “ಅದನ್ನ ಹುಬ್ಬಳ್ಳಿ ಬೀಗರ ಮದಿವಿಗಿ ಅಂತ ಇಟ್ಟೇನಿ. ಅಂಥಾದ್ದು ಮತ್ತ ಬರಂಗಿಲ್ಲ.”

“ನಾ ಉಡಾಕತ್ತೇನ್ರಿ ಅತ್ತಿ.”

“ಬ್ಯಾರೇದು ತಗೋ. ಆ ಗುಲಾಬಿ ತಗೋ.”

“ಇಲ್ರಿ. ಇದ.”

ಬಾಗಿಲಲ್ಲಿ ನಿಂತಿದ್ದ ಸಂಗು ಒಂದು ಸಲ ತಾಯಿಯನ್ನು, ಒಂದು ಸಲ ಹೆಂಡತಿಯನ್ನು ನೋಡಿ, ಅಂಗಡಿ ತೆರೆಯಬೇಕೆಂದು ಗೊಣಗುತ್ತ ಹೋಗಿಬಿಟ್ಟ. ಆ ಟ್ರಂಕಿನ ಸೀರೆಯನ್ನು ಆ ಮನೆಯವರು ಯಾರೂ ಅದುವರೆಗೆ ಉಟ್ಟಿರಲಿಲ್ಲ. ವಿದ್ಯಾವತಿ ಕವರಿನ ಮೂಲೆಗೆ ಉಗುರು ಹಾಕಿದಳು.

“ಏ! ಏ! ನಿಲ್ಲು!” ಮುರಿಗೆವ್ವ ಮಂಚದಿಂದ ಧುಮುಕಿದಳು. ಸೊಸೆಯ ಕೈಯಿಂದ ಸೀರೆ ಕಸಿದುಕೊಂಡಳು. ಡಬ್ಬಿ ಹುಡುಕಿ, ಕನ್ನಡಕ ಹಾಕಿಕೊಂಡು, ಕವರಿನ ಅಂಟನ್ನು ಚೂರು ಚೂರೇ ಬಿಡಿಸಿದಳು. ಸೀರೆಯನ್ನು ಹೊರಗೆ ಜಾರಿಸಿ ಸೊಸೆಯ ಹೆಗಲಿಗೆ ಹಾಕಿದಳು.

“ಕವರ ಹರೀತಾರೇನ ಹುಚ್ಚಿ? ಅದರಾಗ ಇನ್ನೊಂದು ಇಡಾಕ ಬರ್ತೈತಿ.”

ಇಟ್ಟಂಗಿಹಾಳದಲ್ಲಿ ವಿದ್ಯಾವತಿ ಸಾಸಿವೆ ರೇಷ್ಮೆ ಉಟ್ಟು, ಬದನೆಕಾಯಿ ಜಂಪರು ತೊಟ್ಟು ಕಾಫಿ ಹಂಚಿದಳು. ಬೀಗರು ಸೀರೆ ಎಲ್ಲಿಯದೆಂದು ಕೇಳಿದಾಗ, ಮನೆಯದೇ ಎಂದು ಮುರಿಗೆವ್ವ ಸೊಸೆಗಿಂತ ಮೊದಲು ಹೇಳಿದಳು. ಅಲ್ಲೇ ಹೋಳಿಗೆ ಉಣ್ಣುತ್ತ ಎಡಗೈ ಬೆರಳು ಮಡಚಿ ಆ ವಾರದ ಲುಕ್ಸಾನು ಲೆಕ್ಕ ಹಾಕಿದಳು. ಇಳಕಲ್ ಸೀರೆ ಒಂದು. ಆಯೇರಿ ಸೀರೆ ಎರಡು. ಬಾಳೆಹಣ್ಣು ಹನ್ನೆರಡು.